ಮೂಕ ಟೀವಿಯ ಭೂಗೋಳ

ಮೊನ್ನೆ ತಿ. ನರಸೀಪುರದಲ್ಲಿ ಒಂದು ನಾಮಕರಣಕ್ಕೆ ಮಿಮಿಕ್ರಿ ಮಾಡಲು ಹೋಗಿದ್ದೆ. ಮಗುವಿಗೆ ಹೆಸರಿಡುವ ಮೊದಲೇ ಅದರ ಅಳುವನ್ನು ಕಲಿತು ಮೈಕಿನಲ್ಲಿ ಅತ್ತು ತೋರಿಸಿದೆ. ತಾಯಿ ನಕ್ಕಳು. ಅಜ್ಜಿ ಸಿಟ್ಟಾದರು. ಮನೆಯಲ್ಲಿ ಅಜ್ಜಿಯ ಮಾತೇ ನಡೆಯುತ್ತಿತ್ತು ಅಂತ ಕಾಣುತ್ತದೆ, ನನ್ನನ್ನು ಕೊನೆಯ ಪಂಕ್ತಿಗೆ ತಳ್ಳಿದರು. ಹಸಿವು ತಾಳದೆ ಅಡುಗೆಮನೆಯ ಬಾಗಿಲ ಹತ್ತಿರ ಸುಳಿದಾಡುವಾಗ ಒಳಗಿನಿಂದ ಒಂದು ವಾಸನೆ ಬಂತು. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಕೊಡುವ ಪುಷ್ಟಿ ಹಿಟ್ಟನ್ನು ಉಂಡೆ ಕಟ್ಟಲು ಯಾರೋ ತುಪ್ಪದಲ್ಲಿ ಹುರಿಯುತ್ತಿದ್ದರು. ಹುರಿದ ಗೋಧಿ, ಕರಗುವ ಬೆಲ್ಲ, ಸ್ವಲ್ಪ ತಳ ಹಿಡಿದ ಘಾಟು... ಆ ವಾಸನೆಗೆ ಒಂದು ಸೀರೆ ಉಡಿಸಿಬಿಟ್ಟರೆ ಅದೇ ನಮ್ಮೂರಿನ ಅಂಗನವಾಡಿಯ ಆಯಮ್ಮ.

ನಮ್ಮೂರು ನಂಜನಗೂಡು ತಾಲ್ಲೂಕಿನ ಹದಿನಾರು. ಆಯಮ್ಮ ಅಲ್ಲಿನ ಅಂಗನವಾಡಿಯ ಸಹಾಯಕಿ. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಮೂಗು ಒರೆಸುವುದು, ಅಡುಗೆ ಮಾಡಿ ಬಡಿಸುವುದು ಅವರ ಕೆಲಸ. ಪದ್ಯ ಹೇಳಿಕೊಡುವುದು, ಬಣ್ಣ ಗುರುತಿಸಲು ಕಲಿಸುವುದು ಟೀಚರ ಕೆಲಸ. ಆಯಮ್ಮನಿಗೆ ಆ ಎರಡನೆಯ ಕೆಲಸ ಬೇಕಿತ್ತು. ಒಲೆಯ ಮುಂದೆ ಕೂತು, ಒಳಗೆ ಟೀಚರು ಹೇಳುವ ಪದ್ಯಕ್ಕೆ ಸೌಟು ಆಡಿಸುತ್ತಾ ತುಟಿ ಅಲುಗಿಸುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಟೀಚರಾಗಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಆಯಮ್ಮ ಹತ್ತನೇ ಕ್ಲಾಸಿನಲ್ಲಿ ಫೇಲಾದ ವರ್ಷವೇ ಮದುವೆಯಾಗಿ ನಮ್ಮೂರಿಗೆ ಬಂದಿದ್ದರು. ಗಂಡ ಬೇಗ ತೀರಿಕೊಂಡರು. ಆಮೇಲೆ ಮನಸ್ಸು ಗಟ್ಟಿ ಮಾಡಿ, ತಾವು ಓದಿದ್ದ ನರಸೀಪುರದ ಹೈಸ್ಕೂಲಿನ ಮೂಲಕವೇ ಪರೀಕ್ಷೆ ಕಟ್ಟಿ, ಒಂದೊಂದೇ ವಿಷಯ ಪಾಸು ಮಾಡಿಕೊಂಡು ಬಂದಿದ್ದರು. ಉಳಿದದ್ದು ಸಮಾಜ ವಿಜ್ಞಾನ ಒಂದೇ. ಅದರಲ್ಲಿ ರಾಜರು, ಯುದ್ಧಗಳು ಹೇಗೋ ಇಳಿಯುತ್ತಿದ್ದವು. ಭೂಗೋಳ ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು. ನರಸೀಪುರದ ಕಡೆಯ ಅವರ ತವರೂರಿನಲ್ಲಿ ಟೀಚರ ಹುದ್ದೆ ಖಾಲಿಯಾಗುವುದರಲ್ಲಿತ್ತು. ವಯಸ್ಸಿನ ಮಿತಿ ದಾಟಲು ಅವರಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಈ ಸಲ ಆಗದಿದ್ದರೆ ಇನ್ನಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ಮುಸುರೆ ತಿಕ್ಕುವಾಗಲೂ ಮಣ್ಣಿನ ವಿಧಗಳನ್ನು ಬಾಯಿಪಾಠ ಮಾಡುವುದನ್ನು ಕೇಳುತ್ತಿದ್ದ ಬೀದಿಗೆಲ್ಲ ಗೊತ್ತಿತ್ತು.

ಅವರ ಮನೆಯಲ್ಲಿ ತಮ್ಮ ಕೊಟ್ಟಿದ್ದ, ಬೆನ್ನು ಉಬ್ಬಿದ ಒಂದು ಹಳೇ ಟೀವಿ ಇತ್ತು. ಚಿತ್ರ ಚೆನ್ನಾಗಿ ಬರುತ್ತಿತ್ತು, ಸ್ಪೀಕರ್ ಸತ್ತಿತ್ತು. ರಿಪೇರಿ ಮಾಡಿಸಿ ಅಂದರೆ, ಧಾರಾವಾಹಿಯ ಅತ್ತೆ ಸೊಸೆಯರು ಏನು ಮಾತಾಡುತ್ತಾರೆ ಅನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತದೆ, ಸುಮ್ಮನೆ ಕಿವಿಗೇಕೆ ತೊಂದರೆ ಅನ್ನುತ್ತಿದ್ದರು. ಆದರೆ ಸಂಜೆ ಸ್ಕೂಲು ಬಿಟ್ಟ ಮೇಲೆ ಬೀದಿಯ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದುದು ಅತ್ತೆ ಸೊಸೆಯರಿಗಾಗಿ ಅಲ್ಲ. ಆ ಹೊತ್ತಿಗೆ ಮಕ್ಕಳ ಚಾನೆಲಿನಲ್ಲಿ ಒಂದು ಇಂಗ್ಲಿಷ್ ಸಾಹಸದ ಕಥೆ ಬರುತ್ತಿತ್ತು. ಮೂವರು ಮಕ್ಕಳು, ಒಬ್ಬ ಗಡ್ಡದ ಮಾವ, ಒಂದು ದೋಣಿ. ಕಳೆದುಹೋದ ಅಪ್ಪನನ್ನು ಹುಡುಕುತ್ತಿದ್ದಾರೆ ಅಂತ ನಾನು ತೀರ್ಮಾನಿಸಿದ್ದೆ. ನಿಜಕ್ಕೂ ಏನನ್ನು ಹುಡುಕುತ್ತಿದ್ದರೋ... ಇವತ್ತಿಗೂ ಗೊತ್ತಿಲ್ಲ.

ಮಾತು ನನ್ನದು. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನು ಟೀವಿಯ ಪಕ್ಕ ಕೂತು, ಅಲ್ಲಿ ಬಾಯಿ ಆಡಿದ ಹಾಗೆಲ್ಲ ಇಲ್ಲಿ ದನಿ ಕೊಡುತ್ತಿದ್ದೆ. ಗಡ್ಡದ ಮಾವನಿಗೆ ನಮ್ಮ ಪಂಚಾಯ್ತಿ ಸೆಕ್ರೆಟರಿಯ ದನಿ. ಅವರು ಪ್ರತಿ ವಾಕ್ಯಕ್ಕೂ ಮುಂಚೆ ಎರಡು ಸಲ ಕೆಮ್ಮುತ್ತಿದ್ದರು. ಕಳ್ಳರ ನಾಯಕನಿಗೆ ನಂಜನಗೂಡು ಬಸ್ಸಿನ ಕಂಡಕ್ಟರ್ ದನಿ, ಬಂದೂಕು ಹಿಡಿದು ‘ಒಳಿಕ್ಕೋಗಿ, ಒಳಿಕ್ಕೋಗಿ’ ಅನ್ನುತ್ತಿದ್ದ. ಕೆಂಪು ಕೂದಲಿನ ಹುಡುಗಿಗೆ ಆಯಮ್ಮನದೇ ದನಿ. ಚಿಕ್ಕ ಹುಡುಗನಿಗೆ ನನ್ನದು. ಆಗ ನನ್ನ ಗಂಟಲು ಒಡೆಯುತ್ತಿದ್ದ ಕಾಲ. ಒಂದೇ ವಾಕ್ಯದಲ್ಲಿ ಎಮ್ಮೆಯೂ ಮೇಕೆಮರಿಯೂ ಮಾತಾಡುತ್ತಿದ್ದವು. ಆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನನಗೆ ‘ರೇಡಿಯೋ’ ಅಂತ ಹೆಸರಿಟ್ಟವರೂ ಅವರೇ.

ನಗುತ್ತಲೇ ಅವರು ಅದನ್ನು ಪಾಠ ಮಾಡಿಕೊಂಡರು. ಸದ್ದಿಲ್ಲದ್ದರಿಂದ ಆ ದೋಣಿ ಯಾವ ದೇಶದಲ್ಲಿದೆ ಅಂತ ಹೇಳುವವರು ಯಾರೂ ಇರಲಿಲ್ಲ. ಕಥೆಯ ಹೆಸರಿನಲ್ಲೂ ಸುಳಿವಿರಲಿಲ್ಲ. ನಾವೇ ಕಂಡುಹಿಡಿಯಬೇಕು. ಮೊದಮೊದಲು ಹಿಮದ ಬೆಟ್ಟದ ಊರುಗಳು ಬಂದವು. ಅಲ್ಲಿನ ಮನೆಗಳ ಸೂರು ಯಾಕಷ್ಟು ಕಡಿದಾಗಿ ಇಳಿದಿದೆ ಅಂತ ಕೇಳಿದರು. ಬೆಕ್ಕು ಜಾರಾಟ ಆಡಲಿ ಅಂತ, ಎಂದೆ. ತಲೆಗೆ ಮೊಟಕಿ, ಹಿಮ ಮೇಲೆ ನಿಂತರೆ ಮನೆ ತಡೆಯುವುದಿಲ್ಲ, ಅದಕ್ಕೇ ಜಾರಿಸುತ್ತಾರೆ ಅಂತ ಅವರೇ ಉತ್ತರ ಕಟ್ಟಿದರು. ಗಿಡ ಯಾವುದು, ನೆರಳು ಎಷ್ಟುದ್ದ ಇದೆ, ಜನ ಏನು ಉಟ್ಟಿದ್ದಾರೆ, ಏನು ತಿನ್ನುತ್ತಾರೆ ಎಂದು ಪ್ರತಿದಿನವೂ ಕೇಳುತ್ತಿದ್ದರು. ಜೋಕು ಎಷ್ಟು ಬೇಕಾದರೂ ಮಾಡು, ಜಾಗದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಕೂಡದು ಅಂತ ನನಗೆ ಕಟ್ಟಳೆ ಹಾಕಿದರು. ಹೀಗಾಗಿ ಹರಟೆಮಲ್ಲನಾದ ನಾನು ಮೊದಲ ಸಲ ಸ್ಕೂಲಿನ ಅಟ್ಲಾಸನ್ನು ಕೇಳಿ ಮನೆಗೆ ತಂದೆ. ಮೇಷ್ಟ್ರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಪರೀಕ್ಷೆಗಿರುವುದು ಇಂಡಿಯಾದ ಭೂಗೋಳ, ನೀವು ಹೊರದೇಶ ಸುತ್ತಿ ಏನು ಪ್ರಯೋಜನ ಅಂತ ಒಮ್ಮೆ ಕೆಣಕಿದೆ. ಮಳೆ ಬೀಳುವುದಕ್ಕೆ ಪಾಸ್‌ಪೋರ್ಟು ಬೇಕೇನೋ, ಅಲ್ಲಿ ಬಿದ್ದ ಹಾಗೇ ಇಲ್ಲೂ ಬೀಳುತ್ತದೆ ಅಂದರು.

ಬೇಸಿಗೆ ಹೊತ್ತಿಗೆ ದೋಣಿ ದೊಡ್ಡ ಹೊಳೆಗಿಳಿಯಿತು. ಎರಡೂ ದಡದಲ್ಲಿ ಬಿಸಿಲು ನೆಲಕ್ಕೆ ಬೀಳದಂಥ ಕಾಡು. ಒಂದು ಸಂಜೆ ನೀರಿನಿಂದ ಮೊಸಳೆಯಂಥದ್ದು ತಲೆಯೆತ್ತಿತು. ನಾನು ಕೂಡಲೇ, ಮೊಸಳೆ ಇದೆ ಅಂದಮೇಲೆ ಇದು ಆಫ್ರಿಕಾ, ಎಂದೆ. ಆಯಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತಲೂ ಇಲ್ಲ.

“ನಮ್ಮ ಕಪಿಲೇಲೂ ಮೊಸಳೆ ಅವೆ ಕಣ್ಲಾ ರೇಡಿಯೋ. ಅಂಗಂತ ನಂಜನಗೂಡು ಆಫ್ರಿಕಾ ಆಗೋಯ್ತಾ?”

ಮಕ್ಕಳೆಲ್ಲ ನನ್ನನ್ನು ನೋಡಿ ಹಲ್ಲು ಕಿರಿದವು. ಆಮೇಲೆ ವಾರಗಟ್ಟಲೆ ವಾದ ನಡೆಯಿತು. ದಿನಾ ಮಧ್ಯಾಹ್ನ ಅಲ್ಲಿ ಮಳೆ. ನೆರಳು ಕಾಲ ಬುಡದಲ್ಲೇ. ಸ್ವೆಟರು ಯಾರ ಮೈಮೇಲೂ ಇಲ್ಲ. ಅಟ್ಲಾಸಿನಲ್ಲಿ ದಟ್ಟ ಹಸಿರು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ, ಕೊನೆಗೆ ಇದು ಕಾಂಗೋ ನದಿಯೇ ಎಂದು ಆಯಮ್ಮನೇ ತೀರ್ಪು ಕೊಟ್ಟರು. ಅಂದಿನಿಂದ ನಾವು ಕಾಂಗೋದಲ್ಲೇ ಬಿಡಾರ ಹೂಡಿದೆವು. ಅವರು ಆ ಕಾಡನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಅಂಗನವಾಡಿಯ ಪುಟಾಣಿಗಳು ಊಟಕ್ಕೆ ಹಟ ಮಾಡಿದರೆ ‘ಕಾಂಗೋಗೆ ಬಿಟ್ಟು ಬತ್ತೀನಿ’ ಅಂದರೆ ಸಾಕು, ಬಾಯಿ ತೆರೆಯುತ್ತಿದ್ದವು.

ಪರೀಕ್ಷೆಗೆ ಸ್ವಲ್ಪ ದಿನವಿದೆ ಅನ್ನುವಾಗ, ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವರ ತಮ್ಮ ಬಂದ. ಅಕ್ಕನಿಗೆ ಖುಷಿಯಾಗಲಿ ಎಂದು ಹೊಸ ಸ್ಪೀಕರ್ ಹಾಕಿಬಿಟ್ಟ. ಸಂಜೆ ಟೀವಿ ಹಚ್ಚಿದರೆ ಗಡ್ಡದ ಮಾವ ಬಾಯಿ ತುಂಬ ಇಂಗ್ಲಿಷ್ ಮಾತಾಡತೊಡಗಿದ. ಕೆಮ್ಮೇ ಇಲ್ಲ. ನಮಗೆ ಒಂದಕ್ಷರವೂ ತಿಳಿಯಲಿಲ್ಲ, ಒಂದು ಪದದ ಹೊರತು. ಅದನ್ನು ಅವನು ಮತ್ತೆ ಮತ್ತೆ ಹೇಳಿದ: ಬ್ರೆಜಿಲ್.

ಒಂದು ಮಗು ಮೆಲ್ಲಗೆ, ಹಾಗಾದರೆ ಕಾಂಗೋ ಎಲ್ಲಿಗೆ ಹೋಯಿತು, ಅಂತ ಕೇಳಿತು. ಆಯಮ್ಮ ಎದ್ದು ಒಲೆಯ ಕಡೆ ಹೋದರು. ಹೋದವರು ತಿರುಗಲಿಲ್ಲ. ಮಾರನೆಯ ದಿನ ಮುಸುರೆ ತಿಕ್ಕುವಾಗ ಮಣ್ಣಿನ ವಿಧಗಳು ಕೇಳಿಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾನು ಹೋಗಿ ಮಾತಾಡಿಸಿದೆ. ಯಾವ ದನಿಗೂ ನಗಲಿಲ್ಲ.

“ಬುಡು ಮಗ. ಇಷ್ಟ್ ದಿನ ತಪ್ಪು ಖಂಡದಲ್ಲಿ ಕುಂತಿದ್ದೋಳು ನಾನು. ಯಾವ ಮಖ ಇಟ್ಕಂಡು ಪರೀಕ್ಷೆ ಬರೀಲಿ?”

ಅವರು ಹೀಗೆ ಸೋತು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಮನೆಗೆ ಬಂದು ಅಟ್ಲಾಸ್ ಬಿಡಿಸಿದೆ. ಅವರನ್ನು ಸಮಾಧಾನ ಮಾಡಲು ಒಂದು ಒಳ್ಳೇ ಸುಳ್ಳು ಹುಡುಕುವುದು ನನ್ನ ಉದ್ದೇಶವಾಗಿತ್ತು. ಜಾಗದ ವಿಷಯದಲ್ಲಿ ಸುಳ್ಳು ಹೇಳಕೂಡದೆಂಬ ಕಟ್ಟಳೆ ಅಡ್ಡ ಬಂತು. ಕಾಂಗೋದ ಮೇಲೆ ಒಂದು ಬೆರಳು, ಬ್ರೆಜಿಲ್ ಮೇಲೆ ಒಂದು ಬೆರಳು ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದೆ. ನಡುವೆ ಸಮುದ್ರ. ಆದರೆ ಎರಡೂ ಬೆರಳಿನ ಕೆಳಗೆ ಒಂದೇ ಗೆರೆ ಹಾದುಹೋಗಿತ್ತು, ಸಮಭಾಜಕ ವೃತ್ತ. ಅಟ್ಲಾಸನ್ನು ಕಂಕುಳಿಗಿಟ್ಟುಕೊಂಡು ಓಡಿದೆ.

ಆಯಮ್ಮ ಬಹಳ ಹೊತ್ತು ಆ ಗೆರೆಯನ್ನು ಉಗುರಿನಿಂದ ಈ ತುದಿಯಿಂದ ಆ ತುದಿಗೆ ಎಳೆದರು. ಅದೇ ಬಿಸಿಲು, ಅದೇ ಮಳೆ, ಅದೇ ದಟ್ಟ ಕಾಡು. ಅವರು ನೋಡಿದ್ದೆಲ್ಲ ಸರಿಯಾಗಿಯೇ ಇತ್ತು. ತಪ್ಪಿದ್ದು ಹೆಸರು ಮಾತ್ರ.

“ಊರು ತಪ್ಪಿದ್ರೂ ಗೆರೆ ತಪ್ಪಿಲ್ಲ ನಾವು,” ಅಂದರು. ಆಮೇಲೆ ರಿಮೋಟ್ ತಗೊಂಡು ಟೀವಿಯ ದನಿಯನ್ನು ಪೂರಾ ಇಳಿಸಿದರು. “ಇಂವ ಏನ್ ಮಾತಾಡಾನು ಬುಡು. ನೀನ್ ಯೋಳು.”

ಪರೀಕ್ಷೆಯ ದಿನ ನರಸೀಪುರಕ್ಕೆ ಜೊತೆಗೆ ನಾನೇ ಹೋದೆ. ಬಸ್ಸಿನಲ್ಲಿ ಅವರ ಪಕ್ಕ ಕೂತು ಕಂಡಕ್ಟರನ ದನಿಯಲ್ಲಿ ಟಿಕೆಟ್ ಕೇಳಿ, ನಿಜವಾದ ಕಂಡಕ್ಟರನಿಂದ ಬೈಸಿಕೊಂಡೆ. ಕಾವೇರಿಯೂ ಕಪಿಲೆಯೂ ಕೂಡುವ ಕಡೆ ನೀರು ಕೆಂಪಗಿತ್ತು. ಈ ಕೆಂಪು ಎಲ್ಲಿಯ ಮಣ್ಣು ಅಂತ ಅವರೇ ನನ್ನನ್ನು ಪರೀಕ್ಷೆ ಮಾಡಿದರು. ನನಗೆ ಗೊತ್ತಿರಲಿಲ್ಲ. ಅವರಿಗೆ ಅದರಿಂದ ಬಹಳ ಧೈರ್ಯ ಬಂತು.

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಅವರ ಮುಖದಲ್ಲಿ ಏನೋ ತುಂಟತನವಿತ್ತು. ಪಶ್ಚಿಮ ಘಟ್ಟದಲ್ಲಿ ಯಾಕೆ ನಿತ್ಯಹರಿದ್ವರ್ಣದ ಕಾಡಿದೆ ಅಂತ ಕೇಳಿದ್ದರಂತೆ. ಉತ್ತರ ನೆನಪಾಗಲು ಆಯಮ್ಮ ಗಡ್ಡದ ಮಾವನನ್ನು ಕರೆದುಕೊಂಡರು. ಅಂದರೆ ಎರಡು ಸಲ ಕೆಮ್ಮಿದರು. ಮುಂದಿನ ಸಾಲಿಗೆ ಮತ್ತೆ ಎರಡು ಸಲ. ಕಾವಲಿಗಿದ್ದ ಮೇಡಮ್ಮು ಮರುಕಪಟ್ಟು ಒಂದು ಲೋಟ ಬಿಸಿನೀರು ತರಿಸಿಕೊಟ್ಟರಂತೆ. ಅದನ್ನೂ ಕುಡಿದು, ಬಾಕಿ ಭೂಗೋಳವನ್ನೆಲ್ಲ ಕೆಮ್ಮಿ ಕೆಮ್ಮಿ ಬರೆದು ಬಂದಿದ್ದರು.

ಪಾಸಾದರು. ಎರಡು ಬೀದಿಗೆ ಸಕ್ಕರೆ ಹಂಚಿದರು. ಪಾಸಾದರೆ ಅವರು ನಮ್ಮೂರು ಬಿಟ್ಟು ಹೋಗುತ್ತಾರೆ ಅನ್ನುವ ಸರಳ ಲೆಕ್ಕ ಬೀದಿಯ ಮಕ್ಕಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಮಿನಿ ಲಾರಿಯಲ್ಲಿ ಬೀರು, ಪಾತ್ರೆ, ಟೀವಿ ಏರಿದವು. ನಾನು ಕಂಡಕ್ಟರ್ ದನಿಯಲ್ಲಿ ‘ರೈಟ್, ರೈಟ್’ ಅಂದೆ. ಗಂಟಲು ಮಧ್ಯದಲ್ಲೇ ಮೇಕೆಮರಿಯಾಯಿತು. ಅವರು ನಗಲಿಲ್ಲ, ಹತ್ತಿರ ಕರೆದು ತಲೆ ಸವರಿದರು.

ಆಮೇಲೆ ಅಪರೂಪಕ್ಕೆ ನರಸೀಪುರದ ಸಂತೆಯಲ್ಲಿ ಸಿಗುತ್ತಿದ್ದರು. ಟೀಚರ ಸೀರೆ, ಹೆಗಲಲ್ಲಿ ಬ್ಯಾಗು. ನಿಂತಲ್ಲೇ ಯಾರ ದನಿಯನ್ನಾದರೂ ಮಾಡಿಸಿಕೊಂಡು ನಗುತ್ತಿದ್ದರು. ಹೋದ ವರ್ಷ ಅವರ ತಮ್ಮನ ಫೋನ್ ಬಂತು. ಕಾಮಾಲೆ ತಿರುಗಿತಂತೆ... ವಿಷಯ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಿಥಿಯ ದಿನ ಅವರ ತವರೂರಿಗೆ ಹೋದೆ. ಅವರ ತಮ್ಮ ಓಡಾಟದಲ್ಲಿದ್ದ, ಬೇರೆ ಮಾತಾಡಿಸುವವರು ಯಾರೂ ಇರಲಿಲ್ಲ. ಮಜ್ಜಿಗೆ ಬಡಿಸುತ್ತಿದ್ದ ಒಬ್ಬ ಹುಡುಗಿ, ಪಿಯುಸಿ ಓದುವ ವಯಸ್ಸಿನವಳು, ಊಟ ಸಾಕೇ ಅಂತ ಕೇಳಿದಳು. ಹಸಿವಿದ್ದರೂ ಸಾಕು ಅಂದೆ. ಅವಳು ಮಜ್ಜಿಗೆಯ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಳು.

“ನೀವು ರೇಡಿಯೋ ಅಣ್ಣ ಅಲ್ವಾ?”

ನಾನು ಅವಳನ್ನು ಹಿಂದೆಂದೂ ನೋಡಿರಲಿಲ್ಲ. ಅವಳೂ ನನ್ನನ್ನು ನೋಡಿರಲಿಲ್ಲ. ಅಲ್ಲಿನ ಅಂಗನವಾಡಿಯಲ್ಲಿ ಆಯಮ್ಮನ ಕೈಯಲ್ಲಿ ಆಡಿ ಬೆಳೆದವಳಂತೆ. ಮಿಸ್ಸು ದಿನಾ ಮಕ್ಕಳಿಗೆ ದೋಣಿಯ ಕಥೆ ಹೇಳುತ್ತಿದ್ದರಂತೆ, ಕೆಮ್ಮುವ ಮಾವ, ಬಂದೂಕಿನ ಕಂಡಕ್ಟರ್, ಎಲ್ಲರ ದನಿಯಲ್ಲೂ. ಆ ದೋಣಿಯಲ್ಲಿ ರೇಡಿಯೋ ಅಂತ ಒಬ್ಬ ಹುಡುಗ ಇರುತ್ತಿದ್ದನಂತೆ. ಸುಳ್ಳು ಹೇಳುವ ಮುಂಚೆ ಅವನು ತಪ್ಪದೆ ಮೂಗು ತಿಕ್ಕಿಕೊಂಡು, ಮೊದಲ ಪದವನ್ನು ಒಂಚೂರು ಎಳೆಯುತ್ತಾನಂತೆ. ನಾನು ಈಗ ಮೂಗು ತಿಕ್ಕಿಕೊಂಡು ‘ಸಾ...ಕು’ ಅಂದೆನಂತೆ.

ಊರಿನವರ ಕೆಮ್ಮು, ಕುಂಟು, ತೊದಲು ಎಲ್ಲ ಕದ್ದು ಹೊಟ್ಟೆ ಹೊರೆಯುವವನು ನಾನು. ನನಗೇ ಒಂದು ಚಾಳಿಯಿದೆ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ. ಮಿಸ್ಸು ನನ್ನನ್ನು ಹೇಗೆ ಮಾಡುತ್ತಿದ್ದರು, ಒಂದು ಸಲ ಮಾಡಿ ತೋರಿಸು ಅಂತ ಅವಳನ್ನು ಬೇಡಿಕೊಂಡೆ. ಅವಳು ಒಂದು ಸಲ ಬಾಯಿ ತೆರೆದಳು, ನಾಚಿ ಮುಚ್ಚಿಕೊಂಡಳು.

“ನಂಗ್ ಬರಾಕಿಲ್ಲ ಕಣಣ್ಣ. ಅದು ಮಿಸ್‌ಗೇ ಬತ್ತಿದ್ದುದು.”

ಆಯಮ್ಮನ ದನಿ ನನಗೆ ಈಗಲೂ ಬರುತ್ತದೆ, ಅವರು ‘ಕಣ್ಲಾ’ ಅನ್ನುವಾಗ ಸ್ವಲ್ಪ ಮೇಲೇರುವುದು ಸಮೇತ. ಮನೆಯಲ್ಲಿ ಯಾರೂ ಇಲ್ಲದಾಗ ಕೆಲವೊಮ್ಮೆ ಆ ದನಿಯನ್ನು ಹಿಡಿದು, ಆ ದನಿಯ ಒಳಗಿನಿಂದ ನನ್ನನ್ನು ಅಣಕಿಸಲು ನೋಡುತ್ತೇನೆ. ಮೂಗು ತಿಕ್ಕುವವರೆಗೂ ಸರಿಯಾಗಿ ಬರುತ್ತದೆ. ಬಾಯಿ ತೆರೆದರೆ ಅಲ್ಲಿ ಆಯಮ್ಮ ಇರುವುದಿಲ್ಲ, ನಾನೇ ಇರುತ್ತೇನೆ.