ಎದುರು ಮಾತಾಡುವ ಜಲಜಕ್ಕ

ಬೆಳಗಿನ ಐದೂಮುಕ್ಕಾಲು. ಗಂಗೊಳ್ಳಿ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿವೆ. ಏಲಂ ಕೂಗುವ ಚಂದಯ್ಯನವರ ಗಂಟಲು ಆಗಲೇ ಕಟ್ಟಿದೆ. ಬಂಗುಡೆ ರಾಶಿಯ ಮುಂದೆ ಸೆರಗು ಸೊಂಟಕ್ಕೆ ಬಿಗಿದು ನಿಂತ ಹೆಂಗಸೊಬ್ಬರು ಅವರಿಗೆ ಬಾಯಿ ತೆರೆಯಲು ಬಿಡುತ್ತಿಲ್ಲ.

"ಹ್ವಾಯ್ ಚಂದಯ್ಯಣ್ಣ, ನೀವ್ ಈಗ ಎಂತ ಹೇಳ್ತ್ರಿ ಅಂದೇಳಿ ನಂಗ್ ಗೊತ್ತಿತ್ತ್. ಗಾಳಿ ಜೋರಿತ್ತ್, ಮೀನ್ ಕಮ್ಮಿ ಅಂಬ್ರಿ. ಸಮ. ಗಾಳಿ ಎಲ್ಲರಿಗೂ ಒಂದೇ ಅಲ್ದಾ? ಆಚೆ ದೋಣಿಯವ್ರ್ ತುಂಬ್ಸ್ಕಂಡ್ ಬರ್ಲಿಲ್ಯಾ?"

ಚಂದಯ್ಯ ಹೇಳಬೇಕೆಂದಿದ್ದ ಮಾತೆಲ್ಲ ಅವರ ಬಾಯಿಂದ ಹೊರಡುವ ಮೊದಲೇ ಖರ್ಚಾಗಿದೆ. ಅವರು ನಗುತ್ತಾ ಬುಟ್ಟಿಗೆ ಮೀನು ಸುರಿಯುತ್ತಾರೆ. ಐವತ್ತೆರಡರ ಜಲಜಕ್ಕನಿಗೆ ದಿನದ ಮೊದಲ ಜಯ ಸಿಕ್ಕಿತು. ಇನ್ನು ಎರಡು ಬುಟ್ಟಿ ಹಿಡಿದು ಕುಂದಾಪುರದ ಮೊದಲ ಬಸ್ಸು ಹತ್ತಬೇಕು.

ಬಾಯಿ ಜೋರಿರುವ ಮೀನಿನ ಹೆಂಗಸರು ನಮ್ಮ ಕರಾವಳಿಯಲ್ಲಿ ನೂರಾರು ಮಂದಿ ಇದ್ದಾರೆ, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಇದೆ. ಈ ಬಾಯಿಯ ದೆಸೆಯಿಂದ ಐದು ವರ್ಷಗಳಲ್ಲಿ ಇಪ್ಪತ್ತಾರು ನರ್ಸುಗಳು ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದಾರೆ. ಜಲಜಕ್ಕ ಓದಿದ್ದು ಏಳನೇ ಕ್ಲಾಸು. ಅವರಿಗೆ ಗೊತ್ತಿರುವ ಇಂಗ್ಲಿಷ್ ಎಂದರೆ ಬಸ್ಸು, ಐಸು, ಟಿಕೆಟು, ಅಷ್ಟೇ.

ಕುಂದಾಪುರ ಬಸ್ ನಿಲ್ದಾಣದ ಹತ್ತಿರದ ಒಂದು ಓಣಿ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಸಾಲಿಗ್ರಾಮದ ಶ್ರೀಕರ ಮಯ್ಯರ ಇಂಗ್ಲಿಷ್ ಕ್ಲಾಸು. ಶಿರೂರಿನಿಂದ ಹಿಡಿದು ಬ್ರಹ್ಮಾವರದವರೆಗಿನ ನರ್ಸುಗಳು ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಇಲ್ಲಿಗೆ ಬರುತ್ತಾರೆ. ವಿದೇಶದ ಆಸ್ಪತ್ರೆಗೆ ಹೋಗಲು ಅವರೊಂದು ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಎಲ್ಲರ ನೀರಿಳಿಸುವುದು ಒಂದು ಪ್ರಬಂಧ. ಸಮಾಜದ ಯಾವುದೋ ಒಂದು ಸಮಸ್ಯೆ ಕೊಡುತ್ತಾರೆ. ನಲವತ್ತು ನಿಮಿಷ, ಇನ್ನೂರೈವತ್ತು ಪದ. ನಿನ್ನ ಅಭಿಪ್ರಾಯವೇನು ಹೇಳು, ಯಾಕೆಂದು ಹೇಳು, ಎದುರಿನವನು ಏನೆನ್ನುತ್ತಾನೆ ಹೇಳು, ಅವನಿಗೆ ಉತ್ತರ ಕೊಡು.

ಹುಡುಗಿಯರ ವ್ಯಾಕರಣ ಕೆಟ್ಟದ್ದೇನಲ್ಲ. ಕಷ್ಟವೆಲ್ಲ ಅಭಿಪ್ರಾಯದ್ದು. ಮನೆಯಲ್ಲಿ 'ನಿಂಗೆಂತ ಗೊತ್ತಿತ್ತ್, ಸುಮ್ನೆ ಕೂಕೋ' ಎಂಬುದನ್ನು ಕೇಳಿ ಬೆಳೆದವರು. ನರ್ಸಿಂಗ್ ಕಾಲೇಜಿನಲ್ಲಿ ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಲು, ಕಂಡದ್ದನ್ನಷ್ಟೇ ಬರೆಯಲು ಕಲಿತವರು. ಕೊಕ್ಕರ್ಣೆಯ ಚಂದನಾ ಬರೆದ ಮೊದಲ ಪ್ರಬಂಧವನ್ನು ಮಯ್ಯರು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಗರದೊಳಗೆ ಕಾರುಗಳನ್ನು ನಿಷೇಧಿಸಬೇಕೆ ಎಂಬ ಪ್ರಶ್ನೆಗೆ ಆಕೆ ಕೊನೆಗೆ ಹೀಗೆ ಬರೆದಿದ್ದಳು: 'ಎರಡೂ ಕಡೆಯವರ ಸ್ಥಿತಿ ಸ್ಥಿರವಾಗಿದೆ. ನಿಗಾ ವಹಿಸಲಾಗುತ್ತಿದೆ.'

ಈ ರೋಗಕ್ಕೆ ಮದ್ದು ಮೆಟ್ಟಿಲ ಬುಡದಲ್ಲೇ ಕೂತಿತ್ತು. ಜೆರಾಕ್ಸ್ ಅಂಗಡಿಯ ಪಕ್ಕದ ನೆರಳಿನಲ್ಲಿ ಜಲಜಕ್ಕ ಬುಟ್ಟಿ ಇಳಿಸುವುದು ಎಂಟು ಗಂಟೆಗೆ. ಐದು ವರ್ಷಗಳ ಹಿಂದೆ, ಕ್ಲಾಸು ಶುರುವಾದ ಹೊಸತರಲ್ಲಿ, ಮಯ್ಯರು ಅವರನ್ನು ಅಲ್ಲಿಂದ ಎಬ್ಬಿಸಲೆಂದೇ ಕೆಳಗಿಳಿದರು. ಮೀನಿನ ವಾಸನೆ ಮೇಲಿನವರೆಗೆ ಬರುತ್ತದೆ, ಸ್ವಲ್ಪ ಆಚೆ ಹೋಗಿ ಎಂದರು. ಅದಕ್ಕೆ ಬಂದ ಉತ್ತರ ಮಯ್ಯರಿಗೆ ಇವತ್ತಿಗೂ ಬಾಯಿಪಾಠ:

"ವಾಸ್ನೆ ಬತ್ತ್ ಅಂಬ್ರಿ ಮೇಷ್ಟ್ರೆ, ಸಮ, ನಾನೂ ಒಪ್ತೆ. ಆರೆ ನಿಮ್ ಮಕ್ಳ್ ನಾಳೆ ಹೋಪುದೆಲ್ಲಿಗೆ? ಆಸ್ಪತ್ರೆಗೆ. ಅಲ್ಲೆಂತ ಮಲ್ಲಿಗೆ ಹೂ ಇರತ್ತಾ? ಮೀನಿನ ವಾಸ್ನೆ ತಡೂಕಾಗ್ದವ್ರ್ ರೋಗಿ ಮೈ ಒರ್ಸ್ತ್ರಾ? ಮತ್ತೊಂದ್ ಕಾಣಿ. ನಾನ್ ಇಲ್ಲಿಂದ ಎದ್ರೆ ಈ ಜಾಗಕ್ಕೆ ಬೈಕ್ ತಂದ್ ನಿಲ್ಸ್ತ್ರ್. ನಿಮ್ ಮಕ್ಳಿಗೆ ಮೆಟ್ಲ್ ಹತ್ತುಕೂ ಆತಿಲ್ಲ. ಅದ್ಕೇ ನಾನ್ ಇಲ್ಲಿಪ್ಪುದ್ ನಿಮ್ಗೇ ಲಾಯ್ಕ್."

"ಮೂಗ್ ಮುಚ್ಕಂಡ್ ಕೆಳ್ಗ್ ಹೋದವ ಬಾಯ್ ಮುಚ್ಕಂಡ್ ಮೇಲ್ ಬಂದೆ," ಎಂದು ಮಯ್ಯರು ನಗುತ್ತಾರೆ. "ಅರ್ಧ ಮೆಟ್ಲ್ ಹತ್ತುವತ್ತಿಗೆ ಹೊಳೀತ್. ನಾನ್ ಮೂರ್ ತಿಂಗ್ಳಿಂದ ಬೋರ್ಡ್ ಮೇಲೆ ಬರ್ದ್ ಬರ್ದ್ ಕಲ್ಸುಕಾಗ್ದದ್ದನ್ನ ಈ ಹೆಂಗ್ಸ್ ಒಂದ್ ನಿಮಿಷದಂಗೆ ಹೇಳಿ ಮುಗ್ಸ್ತಲ್ಲ ಮಾರಾಯ್ರೆ! ಮರುದಿನ ನಾನೇ ಹೋಯ್ ಕೇಂಡೆ, ಜಲಜಕ್ಕ, ಮಾರಿ ಆದ್ಮೇಲೆ ಒಂಚೂರ್ ಮೇಲ್ ಬತ್ರಿಯಾ ಅಂದೇಳಿ."

ಅಂದಿನಿಂದ ಇದು ನಡೆದುಕೊಂಡು ಬಂದಿದೆ. ಹತ್ತೂವರೆಗೆ ಬುಟ್ಟಿ ಖಾಲಿ. ನಲ್ಲಿಯಲ್ಲಿ ಕೈಕಾಲು ತೊಳೆದು, ನೋಯುವ ಮೊಣಕಾಲಿಗೆ ಬೈದುಕೊಳ್ಳುತ್ತಾ ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಪ್ರಶ್ನೆಯನ್ನು ಮಯ್ಯರು ಕನ್ನಡದಲ್ಲಿ ಹೇಳುತ್ತಾರೆ. ಹುಡುಗಿ ಯಾವ ಪಕ್ಷ ಹಿಡಿಯುತ್ತಾಳೋ ಜಲಜಕ್ಕ ಅದರ ಎದುರು ಪಕ್ಷ. ಶಾಲೆಯಲ್ಲಿ ಮೊಬೈಲು ಬೇಕು ಎಂದು ಸೋಮವಾರ ಹೋರಾಡಿದ ಜಲಜಕ್ಕ, ಬೇಡ ಎಂದು ಮಂಗಳವಾರ ಅಷ್ಟೇ ಆವೇಶದಿಂದ ಹೋರಾಡುತ್ತಾರೆ. ಜಗಳ ಮುಗಿದ ಮೇಲೆ ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ಹಾಗಾದರೆ ನಿಮ್ಮ ನಿಜವಾದ ಅಭಿಪ್ರಾಯ ಯಾವುದು ಎಂದು, ಪೇಪರಿಗೆ ಬರೆಯಲು ಹೋಗಿದ್ದ ನಾನು ಕೇಳಿದೆ.

"ಮೀನ್ ಮಾರುವತ್ತಿಗೆ ಒಂದ್, ತಿಂಬತ್ತಿಗೆ ಒಂದ್," ಎಂದರು.

ಜಲಜಕ್ಕ ಹುಟ್ಟಿದ್ದು ಕಿರಿಮಂಜೇಶ್ವರದಲ್ಲಿ. ಮದುವೆಯಾಗಿ ಗಂಗೊಳ್ಳಿಗೆ ಬಂದ ವರ್ಷವೇ ಗಂಡ ಬಚ್ಚ ಅವರೊಟ್ಟಿಗೆ ಮುಂಬಯಿಗೆ ಹೋದರು. ಗಂಡ ಬೋಟಿನಲ್ಲಿ, ಹೆಂಡತಿ ಬೋಟು ನಿಲ್ಲುವ ದಕ್ಕೆಯಲ್ಲಿ ಸಿಗಡಿ ಸುಲಿಯುವ ಕೆಲಸದಲ್ಲಿ. ಬಾಯಿ ಹರಿತವಾದದ್ದು ಅಲ್ಲೇ. "ಅಲ್ಲಿ ಹೆಂಗ್ಸ್ರ್ ಮರಾಠಿಯಂಗೆ ಬಯ್ತಿದ್ರ್. ನಂಗ್ ಅರ್ಥ ಆಪುಕೆ ಆರ್ ತಿಂಗ್ಳ್ ಹಿಡೀತ್. ಅರ್ಥ ಆದ್ಮೇಲೆ ಬಿಡ್ಲಿಲ್ಲ ನಾನ್!" ನಾಲ್ಕನೇ ವರ್ಷ ಬೋಟಿನ ಯಂತ್ರಕ್ಕೆ ಸಿಕ್ಕಿ ಬಚ್ಚ ಅವರ ಬಲಗೈ ಜಜ್ಜಿಹೋಯಿತು. ಇಬ್ಬರೂ ಊರಿಗೆ ಮರಳಿದರು. ಆಗ ಜಲಜಕ್ಕ ಹೊತ್ತ ಬುಟ್ಟಿಗೆ ಈಗ ಇಪ್ಪತ್ತೆಂಟು ವರ್ಷ. ಬಚ್ಚ ಎಡಗೈಯಲ್ಲೇ ಬಲೆ ಸರಿಮಾಡಲು ಕಲಿತರು. "ಮನೆಂಗೆ ನಾನ್ ಮಾತಾಡುದಿಲ್ಲ, ಅದ್ರಿಂದ್ಲೇ ಸಂಸಾರ ಇತ್ತ್," ಎನ್ನುವಾಗ ಬಚ್ಚ ಅವರ ಮುಖದಲ್ಲಿ ಎಂಥ ನೆಮ್ಮದಿ!

ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಎರಡು ತಿಂಗಳು ಒಣಮೀನು ಮಾರುತ್ತಾರೆ, ಕ್ಲಾಸು ಮಾತ್ರ ತಪ್ಪಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಪಡೆಯುವುದು ಒಂದು ಚಾ, ಎರಡು ಗೋಳಿಬಜೆ. ಹಾಗೆಂದು ಧರ್ಮಕ್ಕೆ ಮಾಡುವ ಕೆಲಸ ಎಂದೀರಿ, ಅವರಿಗೆ ಸಿಟ್ಟು ಬರುತ್ತದೆ. "ಇದ್ ನಂಗೆ ಖುಷಿ ಮಾರಾಯ್ರೆ. ಕೆಳ್ಗೆ ಮಾತಾಡ್ರೆ ಜಗಳಗಂಟಿ ಅಂಬ್ರ್. ಮೇಲೆ ಮಾತಾಡ್ರೆ ಬರ್ಕಂತ್ರ್!"

ಆದರೆ ಒಂದೇ ಒಂದು ವಿಷಯದಲ್ಲಿ ಜಲಜಕ್ಕ ಪಕ್ಷ ಬದಲಿಸುವುದಿಲ್ಲ. ಫೋನಿನಲ್ಲಿ ಒತ್ತಿ ತಿನ್ನುವ ವಸ್ತು ತರಿಸುವುದು. ಎರಡು ವರ್ಷಗಳಿಂದ ಪೇಟೆಯ ಮನೆಗಳಿಗೆ ಮೀನು ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ಜಲಜಕ್ಕನ ಮೂರು ಬುಟ್ಟಿ ಎರಡಾಗಿದೆ. ಒಮ್ಮೆ ಕ್ಲಾಸಿನಲ್ಲಿ ಆ ಪ್ರಶ್ನೆ ಬಂದಾಗ ಅವರು ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರಂತೆ. ಆಮೇಲೆ ಮಯ್ಯರು ಆ ಪ್ರಶ್ನೆಯನ್ನು ಪಟ್ಟಿಯಿಂದಲೇ ತೆಗೆದರು. ಇಷ್ಟು ಪ್ರೀತಿಯ ಮನುಷ್ಯರನ್ನು ನೋಯಿಸಿ ಕಲಿಸುವಂಥದ್ದು ಏನಿದೆ ಎಂಬುದು ಅವರ ಲೆಕ್ಕ.

ನಾನು ಕ್ಲಾಸಿಗೆ ಹೋಗಿದ್ದ ಬುಧವಾರ ಜಲಜಕ್ಕನ ಕುರ್ಚಿಯ ಎದುರು ಕೂತವಳು ಚಂದನಾ. ಕುಂದಾಪುರದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ. ಪ್ರಬಂಧದಲ್ಲಿ ಒಂಬತ್ತಕ್ಕೆ ಬೇಕಾದದ್ದು ಏಳು ಅಂಕ, ಹಿಂದೆ ಬರೆದ ಎರಡು ಸಲವೂ ಬಂದದ್ದು ಆರೂವರೆ. ಕಡಲಾಚೆಯ ಆಸ್ಪತ್ರೆಯೊಂದು ನವಜಾತ ಶಿಶುಗಳ ವಿಭಾಗದಲ್ಲಿ ಅವಳಿಗೆಂದು ಜಾಗ ಇಟ್ಟು ಕಾಯುತ್ತಿದೆ, ತಿಂಗಳ ಕೊನೆಯವರೆಗೆ ಮಾತ್ರ. ಶನಿವಾರದ ಪರೀಕ್ಷೆಯೇ ಕೊನೆಯ ಅವಕಾಶ. ಅಂದಿನ ಪ್ರಶ್ನೆ ಪ್ಲಾಸ್ಟಿಕ್ ಚೀಲದ ನಿಷೇಧ. ಚಂದನಾ ನಿಷೇಧ ಬೇಕು ಎಂದಳು.

"ಹಾಂಗಾರೆ ಮೀನ್ ಎಂತದ್ರಂಗೆ ಕೊಡುದ್ ಹೆಣೆ? ನಿನ್ ಕೈಯಂಗಾ? ಬಸ್ಸಂಗೆ ನೀರ್ ಸೋರಿ ಕಂಡಕ್ಟರ್ ಬಯ್ದ್ರೆ ನೀ ಬತ್ಯಾ ಬಿಡ್ಸುಕೆ?"

ಚಂದನಾ ಒಂದು ಕ್ಷಣ ಯೋಚಿಸಿ, "ಅದೂ ಹೌದ್ ಜಲಜಕ್ಕ," ಎಂದಳು.

ಇಡೀ ಕ್ಲಾಸು ತಲೆ ಮೇಲೆ ಕೈ ಹೊತ್ತುಕೊಂಡಿತು. ಜಲಜಕ್ಕ ನಿಜಕ್ಕೂ ಸಿಟ್ಟಾದರು. "ಅದೂ ಹೌದಾ? ಮನೆಂದ ಪಾತ್ರೆ ತಕಂಡ್ ಬನ್ನಿ ಅಂದೇಳ್! ನಾನ್ ಸುಳ್ಳ್ ಹೇಳ್ತಾ ಇದ್ದೆ, ನಂಗೇ ಗೊತ್ತಿತ್ತ್. ನೀ ಒಪ್ಪುದೆಂತಕೆ?" ಕೆಳಗಿಳಿಯುವಾಗ ಜಲಜಕ್ಕ ನನಗೆ ಹೇಳಿದರು: "ಒಳ್ಳೆ ಹೆಣ್ಣ್. ಒಳ್ಳೆತನ ಒಂದ್ ಮುಷ್ಟಿ ಜಾಸ್ತಿ ಆಯ್ತ್." ಹೇಳಿ ಮುಗಿಸುವುದರೊಳಗೆ ನನಗೆ ಮರುದಿನಕ್ಕೆ ಎರಡು ಕಿಲೋ ಬಂಗುಡೆ ಗೊತ್ತುಮಾಡಿಸಿದ್ದರು. ನಮ್ಮ ಮನೆಯಲ್ಲಿ ಮೀನು ತಿನ್ನುವವನು ನಾನೊಬ್ಬನೇ ಎಂಬ ನನ್ನ ವಾದ ನಿಲ್ಲಲಿಲ್ಲ.

ಶನಿವಾರ ಪರೀಕ್ಷೆಯಾಯಿತು. ಭಾನುವಾರ ಮಯ್ಯರ ಫೋನು. ಚಂದನಾಳಿಗೆ ಬಂದದ್ದು ಅದೇ ಪ್ರಶ್ನೆ, ಪಟ್ಟಿಯಿಂದ ತೆಗೆದದ್ದು. ಜನ ಮಾರುಕಟ್ಟೆಗೆ ಹೋಗದೆ ಫೋನಿನಲ್ಲೇ ಆಹಾರ ತರಿಸಿಕೊಳ್ಳುತ್ತಾರೆ, ಇದು ಒಳ್ಳೆಯದೇ? ಅವಳು ಒಳ್ಳೆಯದು ಎಂದು ಬರೆದಳಂತೆ. "ಅಭ್ಯಾಸ ಮಾಡ್ಸದೇ ಇದ್ದದ್ ನನ್ ತಪ್ಪ್," ಎಂದು ಮಯ್ಯರು ಪೇಚಾಡಿದರು. ಚಂದನಾಳಿಗೆ ಅಂಕದ ಹೆದರಿಕೆಗಿಂತ ಜಲಜಕ್ಕನ ಹೆದರಿಕೆ ದೊಡ್ಡದು. ಎರಡು ದಿನ ಅವಳು ಆ ಓಣಿಗೇ ಬರಲಿಲ್ಲ.

ಬುಧವಾರ ಬೆಳಿಗ್ಗೆ ಫಲಿತಾಂಶ. ಜಲಜಕ್ಕನ ಬುಟ್ಟಿಯ ಸುತ್ತ ನಾಲ್ಕು ಗಿರಾಕಿಗಳು, ಐದನೆಯವನು ನಾನು. ಚಂದನಾ ಓಡುತ್ತಾ ಬಂದವಳು ಬುಟ್ಟಿಯ ಮುಂದೆ ನಿಂತು ಗೊಳೋ ಎಂದು ಅಳತೊಡಗಿದಳು. ಮೇಲಿನಿಂದ ಮಯ್ಯರೂ ಹುಡುಗಿಯರೂ ದಡಬಡ ಇಳಿದು ಬಂದರು.

"ಎಂತ ಹೆಣೆ, ಆಯ್ಲಿಲ್ಯಾ?"

"ಆಯ್ತ್ ಜಲಜಕ್ಕ. ಏಳ್ ಬಂತ್."

"ಮತ್ತೆಂತಕೆ ಮರ್ಕುದ್?"

"ನಾನ್ ನಿಮ್ಗೆ ಎದ್ರ್ ಬರ್ದೆ. ಫೋನಂಗೆ ತರ್ಸುದ್ ಒಳ್ಳೇದ್ ಅಂದೇಳಿ ಬರ್ದೆ."

ಜಲಜಕ್ಕನ ಕೈಯಲ್ಲಿದ್ದ ಕತ್ತಿ ನಿಂತಿತು. ಮಯ್ಯರು ತಮ್ಮ ಚಪ್ಪಲಿ ನೋಡಿಕೊಂಡರು.

"ಎಂತ ಬರ್ದೆ? ಒಂದೂ ಬಿಡ್ದೆ ಹೇಳ್."

ಚಂದನಾ ಕಣ್ಣೊರೆಸಿಕೊಂಡಳು. "ನಮ್ ವಾರ್ಡಂಗೆ ಮಗಿನ ಬಿಟ್ ಏಳುಕಾಗ್ದ ಅಮ್ಮಂದಿರ್ ಇದ್ರ್. ಅವ್ರಿಗೆ ಪೇಟಿಗ್ ಬಪ್ಪುಕಾತಿಲ್ಲ. ಫೋನ್ ಮಾಡ್ರೆ ಊಟ ಅಲ್ಲಿಗೇ ಬತ್ತ್. ಹಾಂಗಾಯಿ ಒಳ್ಳೇದ್ ಅಂದೆ."

"ಹಾಂಗಾರೆ ನಾನ್ ಬುಟ್ಟಿ ಹೊಳಿಗ್ ಬಿಸಾಡ್ಕಾ?"

"ಬ್ಯಾಡ. ಅದ್ನೂ ಬರ್ದಿದ್ದೆ. ಮಾರುವವ್ರ್ ಕೆಲ್ಸ ಹೋತ್ ಅಂಬ್ರ್, ಅದ್ ಸುಳ್ಳಲ್ಲ ಅಂದೆ. ಆರೆ ತಪ್ಪ್ ಫೋನಿಂದಲ್ಲ. ಬುಟ್ಟಿಯವ್ರ್ ಕೈಯಂಗೂ ಫೋನ್ ಇದ್ರೆ ಎರಡ್ ಬದಿಯವ್ರಿಗೂ ಲಾಯ್ಕ್."

"ಈ ವಯಸ್ಸಂಗೆ ನಂಗ್ ಅಕ್ಷರ ಸಮ ಕಾಂತಿಲ್ಲ. ಫೋನ್ ಹಿಡ್ಕಂಡ್ ನಾನೆಂತ ಮಾಡುದ್?"

ಎಲ್ಲರೂ ಚಂದನಾಳ ಮುಖ ನೋಡಿದೆವು. ಈಗ 'ಅದೂ ಹೌದು' ಬರುತ್ತದೆ ಎಂದುಕೊಂಡೆ.

"ಫೋನಂಗೆ ಮಾತಾಡುಕೆ ಅಕ್ಷರ ಎಂತಕೆ ಜಲಜಕ್ಕ? ನಿಮ್ ಬಾಯಿ ಸಾಲ್ದಾ?"

ಗಿರಾಕಿಗಳು ಹೋ ಎಂದು ನಕ್ಕರು. ಜಲಜಕ್ಕ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಆಗಲೂ ಇಲ್ಲ. ಆಮೇಲೆ ಮುಖವಿಡೀ ಅರಳಿ, ಮೀನಿನ ಕೈಯಲ್ಲೇ ಚಂದನಾಳನ್ನು ಎಳೆದು ತಬ್ಬಿಕೊಂಡರು. ಆಸ್ಪತ್ರೆಯ ಬಿಳಿ ಸಮವಸ್ತ್ರ ಹಾಳಾಯಿತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಜಲಜಕ್ಕ ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

"ಹ್ವಾಯ್ ಪೇಪರಿನವ್ರೆ, ಇಪ್ಪತ್ತೆಂಟ್ ವರ್ಷ ಆಯ್ತ್, ಮಾತಂಗೆ ನನ್ನ ಸೋಲ್ಸಿದವ್ರ್ ಇಲ್ಲ. ಇವತ್ತ್ ನಮ್ ಹೆಣ್ಣೇ ಸೋಲ್ಸ್ತ್. ನೀವ್ ಬೇರೆಂತ ಬರೀದಿದ್ರೂ ಅಡ್ಡಿಲ್ಲ, ಅದೊಂದ್ ಬರೀಕ್."

ಬರೆದಿದ್ದೇನೆ.