ಅತ್ತೆಯ ಪೆನ್ಸಿಲ್ ಸಿಪ್ಪೆ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಎರಡನೇ ಕ್ಲಾಸಿನ ಟೀಚರ್. ಮನೆಯಲ್ಲಿ ಎಲ್ಲರೂ ಅವಳನ್ನು ಹಟಮಾರಿ ಎನ್ನುತ್ತಾರೆ, ಅವಳಿಗೂ ಅದು ಇಷ್ಟವೇ. ಕಾಲೇಜಿಗೆ ರಜೆ ಬಂತೆಂದು, ಚಾರ್ಟ್ ಕತ್ತರಿಸಿ ಕೊಡುವ ನೆಪದಲ್ಲಿ ಅವಳ ಕ್ಲಾಸಿನ ಕೊನೇ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತು ನಾನು ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಆ ಶಾಲೆಯಲ್ಲಿ ಗಲಾಟೆಗೆ ಒಂದೇ ಮದ್ದು: ಫಿಂಗರ್ ಆನ್ ಲಿಪ್ಸ್. ತುಟಿಗೆ ಬೆರಳಿಟ್ಟು ಗೊಂಬೆಗಳ ಹಾಗೆ ಕೂರಬೇಕು. ಹಿಂದೊಮ್ಮೆ ಹಾಗೆ ಕೂತಿದ್ದ ಹುಡುಗಿಯೊಬ್ಬಳು ಬಾತ್‌ರೂಮಿಗೆ ಹೋಗಬೇಕೆಂದು ಹೇಳಲಾರದೆ ಬೆಂಚಿನಲ್ಲೇ ಒದ್ದೆ ಮಾಡಿಕೊಂಡು, ಮತ್ತೆ ಶಾಲೆಗೇ ಬರಲಿಲ್ಲವಂತೆ. ಅವತ್ತಿನಿಂದ ಅತ್ತೆಯ ಕ್ಲಾಸಿನಲ್ಲಿ ಬೆರಳು ಬಂದ್.

ಗಲಾಟೆ ಜೋರಾದರೆ ಅವಳು ಸುಮ್ಮನೆ ಕುರ್ಚಿಯಲ್ಲಿ ಕೂತು, ಪೆನ್ಸಿಲನ್ನು ಮೆಂಡರಿಗೆ ಹಾಕಿ ನಿಧಾನವಾಗಿ ತಿರುಗಿಸುತ್ತಾಳೆ. ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿಯುತ್ತದೆ. ಮುಂದಿನ ಬೆಂಚು ಕಣ್ಣರಳಿಸುತ್ತದೆ, ಹಿಂದಿನ ಬೆಂಚು ಕತ್ತು ಚಾಚುತ್ತದೆ, ತುಂಡಾಗುತ್ತಾ ಇಲ್ಲವಾ ಎಂದು ಇಡೀ ಕ್ಲಾಸು ಉಸಿರು ಬಿಗಿಹಿಡಿಯುತ್ತದೆ, ಅಷ್ಟರಲ್ಲಿ ಅವಳು ಮೆಲುದನಿಯಲ್ಲಿ ಪಾಠ ಶುರು ಮಾಡಿರುತ್ತಾಳೆ.

ಹೆಡ್‌ಮಿಸ್‌ಗೆ ಇದು ಸರಿಬೀಳಲಿಲ್ಲ. "ನಾಳೆ ಸ್ಕೂಲ್ ಕಮಿಟಿಯವರು ಕ್ಲಾಸ್ ನೋಡೋಕೆ ಬರ್ತಾರೆ. ನಿಮ್ಮ ಮಕ್ಕಳೂ ಬೆರಳಿಡಬೇಕು. ಇಲ್ಲಾಂದ್ರೆ ಕ್ಲಾಸ್ ಬಿಟ್ಟು ಆಫೀಸ್ ಕೆಲಸ ನೋಡ್ಕೊಳ್ಳಿ."

"ಬೆರಳಿರೋದು ಕೈ ಎತ್ತೋಕೆ, ಮೇಡಂ."

ಮನೆಯಲ್ಲಿ ಅಪ್ಪ ಗೊಣಗಿದರು. "ಹ್ಞೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ಆ ಕ್ಲಾಸ್ ಬಿಟ್ರೆ ನಿಂಗೆ ಬೇರೆ ಪ್ರಪಂಚ ಇದ್ಯಾ?"

"ಇಲ್ಲ ಅಣ್ಣ. ಅದಕ್ಕೇ ಒಪ್ಪಲ್ಲ."

ಮರುದಿನ ಹೆಡ್‌ಮಿಸ್ ಜೊತೆ ಕಮಿಟಿಯವರು ಒಳಗೆ ಬಂದ ಹೊತ್ತಿಗೇ ಅತ್ತೆಯ ಸಿಪ್ಪೆ ಪಟ್ಟನೆ ತುಂಡಾಯಿತು.

"ಟೀಚರ್ ಔಟ್," ಎಂದ ಮುಂದಿನ ಬೆಂಚಿನ ತರಲೆ. ಕ್ಲಾಸು ಗೊಳ್ಳೆಂದು ನಕ್ಕಿತು.

ಹೆಡ್‌ಮಿಸ್ ಮುಖ ಕೆಂಪಾಯಿತು. "ಫಿಂಗರ್ ಆನ್ ಲಿಪ್ಸ್."

ಒಂದನೇ ಕ್ಲಾಸಿನ ಅಭ್ಯಾಸಬಲದಿಂದ ಕೆಲವು ಬೆರಳುಗಳು ಮೇಲೆದ್ದವು. ಅತ್ತೆ ಎದ್ದು ನಿಂತಳು. "ಇಳಿಸಿ, ಮಕ್ಕಳೇ. ಏನಾದ್ರೂ ಹೇಳ್ಬೇಕಿದ್ರೆ ಕೈ ಎತ್ತಿ."

ಮೂಲೆಯಿಂದ ಒಂದು ಪುಟ್ಟ ಕೈ ಎದ್ದಿತು. "ಮಿಸ್, ಬಾತ್‌ರೂಮ್."

"ಓಡು."

ಆ ಹುಡುಗಿ ಕಮಿಟಿಯವರ ನಡುವೆಯೇ ನುಸುಳಿ ಓಡಿದಳು. ಹೆಡ್‌ಮಿಸ್ ಹಲ್ಲು ಕಚ್ಚಿಕೊಂಡು ಹೇಳಿದರು, "ನಾಳೆಯಿಂದ ಆಫೀಸ್."

ನಾಳೆಯಾಯಿತು. ಅತ್ತೆ ಸೀದಾ ಎರಡನೇ ಕ್ಲಾಸಿಗೇ ಹೋಗಿ ಮೆಂಡರ್ ತೆಗೆದಳು. ಪ್ಯೂನ್ ಇಣುಕಿದ. "ಆಫೀಸಲ್ಲಿ ಮೇಡಂ ಕಾಯ್ತಿದಾರೆ, ಮಿಸ್."

"ಇಲ್ಲಿಗೇ ಬರೋಕೆ ಹೇಳಪ್ಪ. ಪೆನ್ಸಿಲ್ ಅರ್ಧಕ್ಕೆ ಬಂದಿದೆ."

"ಹಾಗಂದ್ರೆ ನನ್ನ ಕೆಲಸ ಹೋಗುತ್ತೆ."

"ಹಾಗಾದ್ರೆ ನೀನೂ ಕೂತ್ಕೊ."

ಅವನು ನಿಜವಾಗಿಯೂ ಬಂದು ನನ್ನ ಪಕ್ಕ ಕೂತ. ಕೊನೆಗೆ ಹೆಡ್‌ಮಿಸ್ಸೇ ದಡದಡ ಬಂದು ಬಾಗಿಲಲ್ಲಿ ನಿಂತು ಬಾಯಿ ತೆರೆದರು. ಮುಂದಿನ ಬೆಂಚಿನ ತರಲೆ ಅವರತ್ತ ತಿರುಗಿ ಪಿಸುಗುಟ್ಟಿದ, "ಶ್, ಮೇಡಂ. ತುಂಡಾಗುತ್ತೆ."

ಹೆಡ್‌ಮಿಸ್ ಬಾಯಿ ಮುಚ್ಚಿತು. ಸಿಪ್ಪೆ ಇಳಿಯಿತು, ಮೇಜಿನಂಚು ದಾಟಿತು, ತುಂಡಾಗದೆ ನೆಲ ಮುಟ್ಟಿತು. ಅಷ್ಟು ಹೊತ್ತೂ ಅವರು ಕಣ್ಣು ಮಿಟುಕಿಸಲಿಲ್ಲ, ನಾನು ನೋಡಿದೆ.

"ಈಗ ಹೇಳಿ, ಮೇಡಂ," ಎಂದಳು ಅತ್ತೆ.

"ಆಮೇಲೆ ಬರ್ತೀನಿ."

ಇನ್ನೂ ಬಂದಿಲ್ಲ. ಅತ್ತೆ ಎರಡನೇ ಕ್ಲಾಸಿನಲ್ಲೇ ಇದ್ದಾಳೆ.