ನಾನು ಬೇಡವೆಂದ ಸಹಿ

ನಮ್ಮ ಮನೆಯಲ್ಲಿ ಬುದ್ಧಿ ಹೇಳುವ ಕೆಲಸ ಮೊದಲಿನಿಂದಲೂ ನನ್ನದೇ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಜೈಲಿನಿಂದ ತಮ್ಮ ಫೋನ್ ಮಾಡಿದಾಗಲೂ ಒಂದು ಕ್ಷಣ ಯೋಚಿಸದೆ ಹೇಳಿಬಿಟ್ಟೆ.

ಅಪ್ಪ ಮಿಷಿಗನ್ನಿನ ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಕೊನೆಯ ದಿನಗಳಲ್ಲಿದ್ದರು. ಇನ್ನು ಎರಡು ವಾರ ಎಂದಿದ್ದಳು ನರ್ಸ್. ತಮ್ಮ ಮಿಷಿಗನ್ನಿಗೆ ಕಾಲಿಡದೆ ಮೂರು ವರ್ಷವಾಗಿತ್ತು. ಕುಡಿದು ಕಾರು ಓಡಿಸಿ ಒಬ್ಬರ ಕಾಲು ಮುರಿದಿದ್ದ. ಅದು ಫೆಲನಿ, ಸಣ್ಣ ಅಪರಾಧವಲ್ಲ. ಹೆದರಿ ಕೋರ್ಟಿನ ತಾರೀಕು ತಪ್ಪಿಸಿ ಇಲಿನಾಯ್ಸ್‌ನ ಗ್ಲೆಂಡೇಲ್ ಹೈಟ್ಸ್ ಸೇರಿಕೊಂಡ. ರಾಜ್ಯ ದಾಟಿದರೆ ವಾರಂಟ್ ಹಿಂದೆಯೇ ಉಳಿಯುತ್ತದೆ ಎಂದುಕೊಂಡಿದ್ದ, ಪೆದ್ದ. ಅಪ್ಪನ ಸುದ್ದಿ ಕೇಳಿ, ಆದದ್ದಾಗಲಿ ಎಂದು ನಮ್ಮ ಮನೆಗೆ ಹೊರಟವನನ್ನು ಇಲಿನಾಯ್ಸ್ ದಾಟುವ ಮೊದಲೇ, ಹೆದ್ದಾರಿಯ ವುಡ್‌ರಿಡ್ಜ್ ಎಕ್ಸಿಟ್ ಹತ್ತಿರ ಪೊಲೀಸರು ನಿಲ್ಲಿಸಿದರು. ಕಾರಿನ ಹಿಂದಿನ ದೀಪ ಉರಿಯುತ್ತಿರಲಿಲ್ಲವಂತೆ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿದಾಗ ವಾರಂಟ್ ಸಿಕ್ಕಿತು.

“ಅಕ್ಕಾ, ಮಿಷಿಗನ್‌ಗ ಕಳಸಾಕ ನನ್ನ ಒಪ್ಪಿಗಿ ಅದ ಅಂತ ಒಂದ್ ಪೇಪರ್ ಕೊಟ್ಟಾರ. ಸೈನ್ ಮಾಡ್ಲೇನು?”

“ಹುಚ್ಚ ಅದೀ ಏನ್? ಲಾಯರ್ ನೋಡೂತನ ಯಾವ್ದಕ್ಕೂ ಸೈನ್ ಮಾಡಬ್ಯಾಡ!”

ಜಡ್ಜ್ ಮುಂದೆ ಅವನು ಒಲ್ಲೆ ಎಂದ.

ಲಾಯರ್ ಸಿಕ್ಕಿದ್ದು ಮೂರು ದಿನದ ಮೇಲೆ. ಆಕೆ ಎಲ್ಲ ವಿವರಿಸಿದಳು. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ಇಲಿನಾಯ್ಸ್ ಕೋರ್ಟ್ ವಿಚಾರಿಸುವುದೇ ಇಲ್ಲ. ವಾರಂಟಿನಲ್ಲಿರುವವನು ಇವನೇನಾ, ಅಷ್ಟೇ ನೋಡುತ್ತದೆ. ಸಹಿ ಹಾಕಿದ್ದರೆ ಮಿಷಿಗನ್ ಪೊಲೀಸರು ವಾರದೊಳಗೆ ಬಂದು ಕರೆದೊಯ್ಯುತ್ತಿದ್ದರು. ಅಲ್ಲಿಯ ಜಡ್ಜನ್ನು ಬೇಡಿಕೊಂಡು ಒಂದು ಗಂಟೆಯಾದರೂ ಅವನನ್ನು ಅಪ್ಪನ ಬಳಿ ಕೂರಿಸಬಹುದಿತ್ತು. ಹಾಕದಿದ್ದರೆ ಒಂದು ರಾಜ್ಯದ ಗವರ್ನರಿಂದ ಇನ್ನೊಂದು ರಾಜ್ಯದ ಗವರ್ನರಿಗೆ ಕಾಗದ ಹೋಗಬೇಕು, ತಿಂಗಳುಗಳೇ ಹಿಡಿಯಬಹುದು. “ಈಗಲಾದರೂ ಸಹಿ ಹಾಕಿಸಿ” ಎಂದು ಅಂಗಲಾಚಿದೆ. ಅದನ್ನೂ ಜಡ್ಜ್ ಮುಂದೆಯೇ ಹಾಕಬೇಕು. ತಾರೀಕು ಸಿಕ್ಕಿದ್ದು ಹತ್ತು ದಿನಕ್ಕೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಊರಿಗೆಲ್ಲ ಬುದ್ಧಿ ಹೇಳುವವಳ ಕಥೆ ಅದು.

ಅಷ್ಟೂ ದಿನ ಅಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಮಗ ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಎಂದು ದಿನಾ ಸುಳ್ಳು ಹೇಳಿದೆ.

“ಐದ್ ತಾಸಿನ ಹಾದಿ,” ಎಂದರು ಒಮ್ಮೆ. “ಎಷ್ಟ್ ದಿನ ಬರ್ತಾನವಾ?”

ತಮ್ಮ ಸಹಿ ಹಾಕಿದ ಮಾರನೆಯ ಬೆಳಿಗ್ಗೆ ಅಪ್ಪ ಹೋಗಿಬಿಟ್ಟರು. ಮಗ ಮಾಡಬೇಕಾದದ್ದನ್ನು ನಾನು ಮಾಡಿದೆ. ಚಿತಾಗಾರದಲ್ಲಿ ಬಟನ್ ಒತ್ತಿದ್ದೂ ನಾನೇ.

ಒಂದು ವಾರದ ನಂತರ ಅವನನ್ನು ಮಿಷಿಗನ್ ಜೈಲಿಗೆ ತಂದರು. ನೋಡಲು ಹೋದೆ. ಗಾಜಿನಾಚೆ ಕೂತು ಫೋನ್ ಎತ್ತಿಕೊಂಡ, ಗಡ್ಡ ಬೆಳೆದಿತ್ತು. ಬಾಯಿಗೆ ಬಂದಂತೆ ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

“ಅಕ್ಕಾ, ಅಪ್ಪ ನನ್ನ ಕೇಳಿದ್ರೇನು?”

“ಇಲ್ಲಪಾ. ಅವರಿಗೆ ಎಚ್ಚರನ ಇರ್ಲಿಲ್ಲ.”

“ಚಲೋ ಆತು ಬಿಡು,” ಎಂದ. ನನ್ನ ಮಾತನ್ನು ಆಗಲೂ ನಂಬಿದ.